ಬಾಲಮಂದಿರದ ಅಡುಗೆಯವರಿಗೂ ಮಗುವಿನ ವಿವರ ತಿಳಿಯಲಿ

ಮಾನ್ಯ ಸಂಪಾದಕರೇ,

ಮಂಡ್ಯ ಜಿಲ್ಲೆಯ ಮಕ್ಕಳ ಪಾಲನಾ ಸಂಸ್ಥೆಯೊಂದರಲ್ಲಿ ನಾನು ಹಲವು ವರ್ಷಗಳಿಂದ ಅಡುಗೆ ಕೆಲಸ ಮಾಡುತ್ತಿದ್ದೇನೆ. ಬಾಲಮಂದಿರಗಳ ಅಡುಗೆಮನೆ ಸುದ್ದಿಯಾಗುವುದು ಹೆಚ್ಚಾಗಿ ಊಟ ಕೆಟ್ಟು ಮಕ್ಕಳು ಆಸ್ಪತ್ರೆ ಸೇರಿದಾಗ ಮಾತ್ರ. ಆಗ ಅಧಿಕಾರಿಗಳು ಬಂದು ಉಗ್ರಾಣ ನೋಡುತ್ತಾರೆ, ಅಡುಗೆಯವರನ್ನು ವಿಚಾರಿಸುತ್ತಾರೆ. ಆದರೆ ಹೊಸದಾಗಿ ಒಂದು ಮಗು ಸಂಸ್ಥೆಗೆ ಬಂದ ದಿನ ಆ ಮಗುವಿನ ಬಗ್ಗೆ ಅಡುಗೆಯವರಿಗೆ ಏನನ್ನೂ ತಿಳಿಸುವ ಪದ್ಧತಿ ನಾನು ಕಂಡ ಮಟ್ಟಿಗೆ ಇಲ್ಲ. ಇದನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಗಮನಕ್ಕೆ ತರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

2015ರ ಬಾಲನ್ಯಾಯ ಕಾಯ್ದೆಯಡಿ ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾದರಿ ನಿಯಮಗಳು ಊಟದ ವಿಷಯದಲ್ಲಿ ಬಹಳ ಖಚಿತವಾಗಿವೆ. ಪ್ರತಿ ಮಗುವಿಗೆ ದಿನಕ್ಕೆ 600 ಗ್ರಾಂ (16ರಿಂದ 18 ವರ್ಷದವರಿಗೆ 700 ಗ್ರಾಂ) ಧಾನ್ಯ, ಅದರಲ್ಲಿ ಕನಿಷ್ಠ 100 ಗ್ರಾಂ ಗೋಧಿ, ರಾಗಿ ಅಥವಾ ಜೋಳ. 120 ಗ್ರಾಂ ಬೇಳೆ. 100 ಗ್ರಾಂ ಸೊಪ್ಪು, 130 ಗ್ರಾಂ ಇತರ ತರಕಾರಿ. ಬೆಳಗಿನ ತಿಂಡಿಯ ಜೊತೆ 150 ಮಿಲಿಲೀಟರ್ ಹಾಲು. ಅರಿಸಿನ, ಒಣಮೆಣಸಿನಕಾಯಿಗಳ ತೂಕವನ್ನೂ ನಿಯಮವೇ ಹೇಳುತ್ತದೆ. 50 ಮಕ್ಕಳಿರುವ ಸಂಸ್ಥೆಯಲ್ಲಿ ಇದು ದಿನಕ್ಕೆ ಕನಿಷ್ಠ 30 ಕಿಲೋ ಧಾನ್ಯ, 6 ಕಿಲೋ ಬೇಳೆ, ಹನ್ನೊಂದೂವರೆ ಕಿಲೋ ಸೊಪ್ಪು ತರಕಾರಿಯಾಗುತ್ತದೆ. ತಿಂಡಿಯೂ ಸೇರಿ ದಿನಕ್ಕೆ ನಾಲ್ಕು ಹೊತ್ತು ಬಡಿಸಬೇಕು. ಈ ಅಳತೆಗಳನ್ನು ನಾನು ಗೌರವಿಸುತ್ತೇನೆ. ಅವು ಇರುವುದರಿಂದಲೇ ಮಕ್ಕಳ ಪಾಲಿನದನ್ನು ಕಡಿತ ಮಾಡುವುದು ಕಷ್ಟ. ಆದರೆ ತೂಕ ಸರಿಯಾಗಿದ್ದ ಮಾತ್ರಕ್ಕೆ ಊಟ ಮಗುವಿನ ಹೊಟ್ಟೆ ಸೇರಿತೆಂದು ಹೇಳಲಾಗದು.

ರಕ್ಷಣೆ ಬೇಕಾದ ಮಕ್ಕಳನ್ನು ಎಲ್ಲಿ ಇರಿಸಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬರುವ ಮಕ್ಕಳಲ್ಲಿ ಅನೇಕರು ಹಸಿವನ್ನು ಕಂಡು ಬಂದವರು. ಅಂಥ ಮಗು ಮೊದಲ ಕೆಲವು ದಿನ ತಟ್ಟೆಯನ್ನು ತೋಳಿನಿಂದ ಮರೆಮಾಡಿಕೊಂಡು ಗಬಗಬನೆ ತಿನ್ನುತ್ತದೆ, ಚಪಾತಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತದೆ, ಮಧ್ಯಾಹ್ನದ ಊಟ ಮುಗಿಯುವ ಮೊದಲೇ ರಾತ್ರಿಗೆ ಊಟ ಉಂಟೇ ಎಂದು ಕೇಳುತ್ತದೆ. ಹಾಸಿಗೆಯ ಕೆಳಗೆ ಬಚ್ಚಿಟ್ಟ ಆಹಾರ ಸಿಕ್ಕಾಗ ಅದನ್ನು ಕಳ್ಳತನವೆಂದು ಗದರಿಸುವವರನ್ನು ನಾನು ನೋಡಿದ್ದೇನೆ. ಅದು ಕಳ್ಳತನವಲ್ಲ, ಭಯ. ಕೇಳಿದಾಗಲೆಲ್ಲ ಸಿಗುತ್ತದೆ ಎಂಬುದು ಮನದಟ್ಟಾಗುವವರೆಗೆ ಅದು ಹೋಗುವುದಿಲ್ಲ, ಮತ್ತು ಅದನ್ನು ಮನದಟ್ಟು ಮಾಡಿಸುವ ಕೆಲಸ ಬಹುಪಾಲು ಬಡಿಸುವವರ ಕೈಯಲ್ಲೇ ಇದೆ. ಇನ್ನು ಕೆಲವು ಮಕ್ಕಳು ಉಣ್ಣುವುದೇ ಇಲ್ಲ. ಉತ್ತರದ ರಾಜ್ಯಗಳಿಂದ ರೈಲು ಹತ್ತಿ ಬಂದ ಹುಡುಗನಿಗೆ ಮುದ್ದೆಯನ್ನು ಅಗಿಯದೆ ನುಂಗಬೇಕೆಂಬುದು ಗೊತ್ತಿರುವುದಿಲ್ಲ. ಅವನು ಬಾಯಲ್ಲಿ ಅಂಟಿಕೊಂಡದ್ದನ್ನು ಉಗುಳಿದಾಗ ಅದು ಹಟವೆಂದು ದಾಖಲಾಗಬಾರದು. ಚಿಕ್ಕ ಮಕ್ಕಳಿಗೆ ನಮ್ಮ ಕಡೆಯ ಉಪ್ಸಾರು ಒಳ್ಳೆಯದೆಂದು ನನ್ನ ಅನುಭವ, ಏಕೆಂದರೆ ಅದರಲ್ಲಿ ಖಾರವನ್ನು ಬೇರೆಯಾಗಿಯೇ ಅರೆಯುವುದರಿಂದ ಬೇಕಾದವರಿಗೆ ಬೇಕಾದಷ್ಟು ಹಾಕಬಹುದು.

ಇವೆಲ್ಲ ನೋಡಿ ತಿಳಿಯುವಂಥವು. ನೋಡಿದರೂ ತಿಳಿಯದವು ಬೇರೆ ಇವೆ. ಯಾವ ಮಗುವಿಗೆ ಕಡಲೆಕಾಯಿ ಒಗ್ಗುವುದಿಲ್ಲ, ಯಾವ ಮಗು ಮೂರ್ಛೆರೋಗದ ಮಾತ್ರೆಯನ್ನು ಊಟದ ನಂತರ ನುಂಗಬೇಕು, ಯಾವ ಹುಡುಗಿಗೆ ರಕ್ತಹೀನತೆಯಿದೆ ಎಂಬುದನ್ನು ಯಾರಾದರೂ ಹೇಳಿದರಷ್ಟೇ ಗೊತ್ತಾಗುತ್ತದೆ. ಕಬ್ಬಿಣಾಂಶದ ಮಾತ್ರೆಯ ಜೊತೆ ಟೀ ಕುಡಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ವಿಷಯ ತಿಳಿದಿದ್ದರೆ ಟೀಯನ್ನು ತಡವಾಗಿ ಕೊಟ್ಟು, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಡುವುದು ನನಗೆ ಎಷ್ಟರ ಕೆಲಸ? ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಬರೆಯಬೇಕೆಂದು ಅದೇ ನಿಯಮಗಳು ಹೇಳುತ್ತವೆ, ಅದರಲ್ಲಿ ಆರೋಗ್ಯ ಮತ್ತು ಪೌಷ್ಟಿಕತೆಯ ಅಗತ್ಯಗಳಿಗೂ ಜಾಗವಿದೆ. ಆ ವಿವರ ಕಚೇರಿಯ ಕಡತದಲ್ಲೇ ಉಳಿಯುತ್ತದೆ. ಮಗುವಿನ ಗುರುತನ್ನು ಬಹಿರಂಗಪಡಿಸಬಾರದೆಂದು ಕಾಯ್ದೆಯ 74ನೇ ಕಲಂ ಹೇಳುವುದು ಸರಿಯೇ. ಆದರೆ ನಾನು ಕೇಳುತ್ತಿರುವುದು ಮಗುವಿನ ಹಿಂದಿನ ಕಥೆಯನ್ನಲ್ಲ. ಅದು ಏನು ತಿನ್ನಬಹುದು, ಏನು ತಿನ್ನಬಾರದು, ಏನು ತಿಂದು ಬೆಳೆದಿದೆ ಎಂಬಷ್ಟನ್ನು ಮಾತ್ರ.

ದಾನಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಹುಟ್ಟುಹಬ್ಬ, ಪುಣ್ಯತಿಥಿಗಳಂದು ಊಟ ಕೊಡುವವರ ಪ್ರೀತಿ ದೊಡ್ಡದು, ಅದನ್ನು ನಾನು ಕಡೆಗಣಿಸುವುದಿಲ್ಲ. ಒಂದೇ ದಿನ ಎರಡು ಕಡೆಯಿಂದ ಸಿಹಿ ಬಂದು ಮಾರನೆಯ ದಿನ ಅರ್ಧ ಮಕ್ಕಳಿಗೆ ಹೊಟ್ಟೆ ಕೆಡುವುದೂ ಇದೆ. ಬರುವ ಮೊದಲು ಸಂಸ್ಥೆಗೆ ಫೋನ್ ಮಾಡಿ ಕೇಳಿದರೆ ಮೊಟ್ಟೆ, ಹಣ್ಣು, ಕಡಲೆಬೀಜ, ಬೆಲ್ಲ ಅಥವಾ ಒಂದು ದೊಡ್ಡ ಕುಕ್ಕರ್ ಎಂಬ ಉತ್ತರ ಸಿಗಬಹುದು.

ಸಂಬಳದ ಮಾತನ್ನೂ ಬಿಡುವಂತಿಲ್ಲ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ಅಡುಗೆಯವರಿಗೆ ನಿಗದಿಯಾದ ಮಾಸಿಕ ಗೌರವಧನ 9,930 ರೂಪಾಯಿ. ಮೈಸೂರಿನ ಯಾವುದಾದರೂ ಹೋಟೆಲಿನಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದೆ, ಆದ್ದರಿಂದ ಕೈ ಪಳಗಿದವರು ಹೊರಟುಹೋಗುತ್ತಾರೆ. ಒಬ್ಬ ಅಡುಗೆಯವಳು ಹೋದಾಗ ಸಾರಿನ ರುಚಿ ಬದಲಾಗುವುದು ದೊಡ್ಡ ವಿಷಯವಲ್ಲ. ಈಗಾಗಲೇ ಅನೇಕರನ್ನು ಕಳೆದುಕೊಂಡಿರುವ ಮಕ್ಕಳು, ದಿನಕ್ಕೆ ನಾಲ್ಕು ಸಲ ಕಾಣುತ್ತಿದ್ದ ಇನ್ನೊಂದು ಮುಖವನ್ನೂ ಕಳೆದುಕೊಳ್ಳುತ್ತಾರೆ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಪಾಲನಾ ಯೋಜನೆಯ ಆಹಾರ ಮತ್ತು ಆರೋಗ್ಯದ ಅಂಶಗಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ಮಗು ಬಂದ ದಿನವೇ ಅಡುಗೆಯವರಿಗೆ ಕೊಡಬೇಕು. ಸಂಸ್ಥೆಯ ನಿರ್ವಹಣಾ ಸಮಿತಿ ಊಟದ ವಿಷಯ ಚರ್ಚಿಸುವಾಗ ಅಡುಗೆಯವರನ್ನೂ ಕರೆದು ಕೂರಿಸಬೇಕು. ಗೌರವಧನಕ್ಕೆ ರಾಜ್ಯದ ಪಾಲಿನಿಂದ ಹೆಚ್ಚುವರಿ ಮೊತ್ತ ಸೇರಿಸುವುದನ್ನು ಮುಂದಿನ ಬಜೆಟ್ಟಿನಲ್ಲಿ ಪರಿಗಣಿಸಬೇಕು. ಮೊದಲನೆಯದಕ್ಕೆ ಹಣವೇ ಬೇಕಿಲ್ಲ; ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಒಂದು ಸುತ್ತೋಲೆ ಹೊರಟರೆ ಬರುವ ತಿಂಗಳಿನಿಂದಲೇ ಅದು ಜಾರಿಗೆ ಬರಬಹುದು.

– ಮಕ್ಕಳ ಪಾಲನಾ ಸಂಸ್ಥೆಯೊಂದರ ಅಡುಗೆಯವರು, ಮಂಡ್ಯ