ರೈಡ್‌ಗೆ ಮೊದಲು ಚೈನ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಹೊರಡುವ ಮುಂಚೆ ದಯವಿಟ್ಟು ಎಲ್ಲರೂ ಬೈಕ್ ಚೈನ್ ಕ್ಲೀನ್ ಮಾಡಿ ಲ್ಯೂಬ್ (ಚೈನ್‌ಗೆ ಹಚ್ಚುವ ಎಣ್ಣೆ) ಹಚ್ಚಿ. ಸುಮಾರು 500 ಕಿ.ಮೀ.ಗೊಮ್ಮೆ ಹಚ್ಚಿದರೆ ಒಳ್ಳೆಯದು. ಮಳೆಯಲ್ಲಿ ಓಡಿಸಿದ್ದರೆ ಲೆಕ್ಕ ಹಾಕುತ್ತ ಕೂರಬೇಡಿ, ಚೈನ್ ಒಣಗಿದ ಕೂಡಲೇ ಹಚ್ಚಿಬಿಡಿ.

ಎಲ್ಲಕ್ಕಿಂತ ಮುಖ್ಯ: ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಗೇರ್ ಹಾಕಿ ಚಕ್ರ ತಿರುಗಲು ಬಿಟ್ಟು ಬಟ್ಟೆ ಹಿಡಿಯುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತೆ. ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್‌ಗೆ (ಚೈನ್ ಕೂರುವ ಹಲ್ಲುಚಕ್ರ) ಸಿಕ್ಕಿಕೊಳ್ಳಲು ಒಂದು ಕ್ಷಣ ಸಾಕು. ನ್ಯೂಟ್ರಲ್‌ನಲ್ಲಿಟ್ಟು ಕೈಯಲ್ಲೇ ತಿರುಗಿಸಿ.

ಪೆಟ್ರೋಲ್, ತಂತಿ ಬ್ರಷ್ ಎರಡೂ ಬೇಡ. ಈಗಿನ ಬಹಳಷ್ಟು ಚೈನ್‌ಗಳಲ್ಲಿ ಪಿನ್ನಿನ ಸುತ್ತ ಸಣ್ಣ ರಬ್ಬರ್ ಓ-ರಿಂಗ್ ಇರುತ್ತೆ, ಒಳಗಿನ ಗ್ರೀಸನ್ನು ಕಾಯೋದು ಅದೇ. ಅದು ಬಿರುಕು ಬಿಟ್ಟರೆ ಗ್ರೀಸ್ ಹೋಯಿತು, ಚೈನ್ ಆಯುಸ್ಸೂ ಹೋಯಿತು. ಚೈನ್ ಕ್ಲೀನರ್, ಮೆತ್ತನೆ ಬ್ರಷ್ ಸಾಕು. ಕಪ್ಪು ಜಿಡ್ಡು ಬಿಟ್ಟು ರೋಲರ್ ಕಾಣುವವರೆಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ.

ಲ್ಯೂಬನ್ನು ಚೈನಿನ ಒಳಮುಖಕ್ಕೆ, ಅಂದರೆ ಸ್ಪ್ರಾಕೆಟ್‌ಗೆ ತಾಗುವ ಬದಿಗೆ ಹೊಡೆಯಿರಿ, ತಿರುಗುವಾಗ ತಾನಾಗೇ ಹೊರಕ್ಕೆ ಹರಡುತ್ತೆ. ಟೈರಿಗೆ ತಾಗದಂತೆ ರಟ್ಟು ಅಡ್ಡ ಹಿಡಿಯಿರಿ. ಹೆಚ್ಚಾದದ್ದನ್ನು ಒರೆಸಿಬಿಡಿ, ಇಲ್ಲದಿದ್ದರೆ ಧೂಳು ಅಂಟಿ ಉಪ್ಪುಕಾಗದದ ಹಾಗೆ ತಿಕ್ಕುತ್ತೆ. ಶನಿವಾರ ರಾತ್ರಿಯೇ ಹಚ್ಚಿಟ್ಟರೆ ಬೆಳಿಗ್ಗೆಯೊಳಗೆ ಚೆನ್ನಾಗಿ ಹಿಡಿದುಕೊಂಡಿರುತ್ತೆ.

ಚೈನ್ ಎಷ್ಟು ಸಡಿಲ ಇರಬೇಕೆಂದು ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿದೆ, ಅದನ್ನೇ ನೋಡಿ. ತಿರುಗಿಸುವಾಗ ಯಾವುದಾದರೂ ಕೊಂಡಿ ಮಡಚದೆ ಬಿಗಿದುಕೊಂಡಿದ್ದರೆ ಇಲ್ಲಿ ಫೋಟೋ ಹಾಕಿ.