ಮಗಳಿಗೊಂದು ಪತ್ರ: ಅಜ್ಜಿಯ ಸಂಚಿ

ಮೂಡಿಗೆರೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಭಾನುವಾರ ಅಜ್ಜಿ ಫೋನಿನಲ್ಲಿ, "ನಿಮ್ಮಮ್ಮ ನನ್ನ ಸಂಚಿ ಕದ್ದಿದ್ದಾಳೆ, ಅನ್ನಕ್ಕೂ ಏನೋ ಬೆರೆಸುತ್ತಾಳೆ" ಎಂದಾಗ ಪಕ್ಕದಲ್ಲೇ ಇದ್ದ ನಾನು ಒಂದು ಮಾತನ್ನೂ ಆಡಲಿಲ್ಲವೆಂದು ನಿನಗೆ ಕೋಪ ಬಂದಿದೆಯಂತೆ. ನಾನು ಮೊದಮೊದಲು ಸುಮ್ಮನಿರುತ್ತಿರಲಿಲ್ಲ, ಮಗಳೇ. ಹೋದ ವರ್ಷ ಸಂಚಿ ಅಕ್ಕಿ ಡಬ್ಬದೊಳಗೆ ಸಿಕ್ಕಿದಾಗ ನಿನ್ನ ಅಪ್ಪನನ್ನು ಸಾಕ್ಷಿಗೆ ಕರೆದು, ಅದನ್ನು ಅತ್ತೆಯ ಮುಂದಿಟ್ಟು, "ಈಗೇನು ಹೇಳುತ್ತೀರಿ?" ಎಂದು ಕೇಳಿದ್ದೆ. "ಕದ್ದವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ, ಅದು ಎಲ್ಲಿದೆ ಅಂತ?" ಎಂದು ಅವರು ಹಿತ್ತಾಳೆಯ ಚೊಂಬನ್ನು ನನ್ನತ್ತ ಎಸೆದರು. ಬಚ್ಚಲಲ್ಲಿ ಜಾರಿದ್ದೆಂದು ನಿನಗೆ ಹೇಳಿದ ಮಣಿಕಟ್ಟಿನ ಗಾಯ ಆ ಚೊಂಬಿನದು.

ಮೂವತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಈಗ ಬಾಯಿಬಿಟ್ಟು ಹೇಳುತ್ತಿದ್ದಾರೆ ಎಂದೇ ನಾನು ಆಗ ನಂಬಿದ್ದೆ. ಆ ಸಂಶಯ ಚೊಂಬಿನ ಪೆಟ್ಟಿಗಿಂತ ಹೆಚ್ಚು ನೋಯಿಸಿತು. ಇದು ಆಲ್ಜೈಮರ್ ಎಂಬ ಮರೆವಿನ ಕಾಯಿಲೆ ಎಂದು ಹಾಸನದ ನರರೋಗ ತಜ್ಞರು ಬಿಡಿಸಿ ಹೇಳಿದ ಮೇಲೆಯೇ ಅದು ಹೋದದ್ದು. ಸಂಚಿಯನ್ನು ತಾವೇ ಬಚ್ಚಿಟ್ಟದ್ದು ಅವರ ನೆನಪಿನಲ್ಲಿ ಉಳಿಯುವುದಿಲ್ಲ, ಆದರೆ ಅದು ಇರಬೇಕಾದ ಜಾಗ ಬರಿದಾಗಿರುವುದು ಕಣ್ಣಿಗೆ ಕಾಣುತ್ತದೆ. ಆ ಬರಿದಿಗೆ ಮನಸ್ಸು ಒಂದು ಕಾರಣವನ್ನು ಹುಡುಕಿಕೊಳ್ಳುತ್ತದೆ, ಮತ್ತು ದಿನವಿಡೀ ಕಣ್ಣೆದುರು ಓಡಾಡುವವಳೇ ಕಳ್ಳಿಯಾಗುತ್ತಾಳೆ. ಈ ಕಾಯಿಲೆಗೆ ಯಾರ ಹೆಸರನ್ನು ಇಟ್ಟಿದ್ದಾರೋ ಆ ಜರ್ಮನಿಯ ವೈದ್ಯ ಆಲ್ಜೈಮರ್ 1901ರಲ್ಲಿ ಪರೀಕ್ಷಿಸಿದ 51 ವರ್ಷದ ಹೆಂಗಸಿನಲ್ಲಿಯೂ ಮೊದಲು ಕಾಣಿಸಿಕೊಂಡದ್ದು ಮರೆವಲ್ಲ, ಗಂಡನ ಮೇಲಿನ ಸಂಶಯವಂತೆ. ಅದನ್ನು ತಿಳಿದ ದಿನ ನಾನು ನಿದ್ದೆ ಮಾಡಿದೆ.

ಈಗ ನಾನು "ಕದ್ದಿಲ್ಲ" ಎಂದೂ ಹೇಳುವುದಿಲ್ಲ, "ಕದ್ದೆ" ಎಂದೂ ಹೇಳುವುದಿಲ್ಲ. "ಸಂಚಿ ಕಾಣದಿದ್ದರೆ ಗಾಬರಿಯಾಗುವುದೇ ಅತ್ತೆ, ಬನ್ನಿ, ಇಬ್ಬರೂ ಹುಡುಕೋಣ" ಎನ್ನುತ್ತೇನೆ. ಸಿಕ್ಕಿದರೂ ನಾನು ಎತ್ತಿ ಕೊಡುವುದಿಲ್ಲ, ಅವರ ಕೈಗೇ ಸಿಗುವಂತೆ ನೋಡಿಕೊಳ್ಳುತ್ತೇನೆ. ಊಟಕ್ಕೆ ಒಂದೇ ಪಾತ್ರೆಯಿಂದ ಮೊದಲು ನನ್ನ ತಟ್ಟೆಗೆ ಬಡಿಸಿಕೊಂಡು, ಒಂದು ತುತ್ತು ತಿಂದು, ಆಮೇಲೆ ಅವರಿಗೆ ಬಡಿಸುತ್ತೇನೆ. ನಿನ್ನ ಅಪ್ಪನಿಗೆ ಇದೆಲ್ಲ ನಾಟಕವೆನ್ನಿಸುತ್ತದೆ. ಆಗಲಿ, ಅತ್ತೆಯ ಹೆದರಿಕೆಯಂತೂ ನಾಟಕವಲ್ಲವಲ್ಲ.

ಕೈ ಮಾಡುವುದಕ್ಕೂ ಹೆಚ್ಚಿನಂಶ ಕಾರಣವಿರುತ್ತದೆ. ಸ್ನಾನದ ಹೊತ್ತಿಗೆ ಅವರು ಪರಚುತ್ತಿದ್ದುದು ಹಠದಿಂದಲ್ಲ. ಯಾರೋ ಸೀರೆ ಬಿಚ್ಚುತ್ತಿದ್ದಾರೆಂದು, ತಲೆಯ ಮೇಲೆ ಏಕಾಏಕಿ ನೀರು ಬಿತ್ತೆಂದು. ಈಗ ಮೈಗೆ ಟವೆಲ್ ಹೊದಿಸಿಯೇ ಪಾದದಿಂದ ನೀರು ಹಾಕುತ್ತಾ ಬರುತ್ತೇನೆ, ಚೊಂಬನ್ನು ಅವರ ಕೈಗೇ ಕೊಡುತ್ತೇನೆ. ಒಪ್ಪದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡುತ್ತೇನೆ. ನಮ್ಮ ಮಳೆಗಾಲದ ಸಂಜೆಗಳಂತೂ ಕಷ್ಟ. ನಾಲ್ಕು ಗಂಟೆಗೇ ಕತ್ತಲು ಕವಿದು ಕರೆಂಟು ಹೋದರೆ "ನನ್ನನ್ನು ಮನೆಗೆ ಬಿಡಿ" ಎಂದು ಬಾಗಿಲು ಬಡಿಯುತ್ತಾರೆ. ಇದೇ ನಿಮ್ಮ ಮನೆ ಎಂದರೆ ಇನ್ನಷ್ಟು ಕೆರಳುತ್ತಾರೆ. ಅದಕ್ಕೆ ಮಳೆ ಬಿಟ್ಟಿದ್ದರೆ ಕಾಫಿ ಕಣಕ್ಕೆ ಒಂದು ಸುತ್ತು ಹಾಕಿಸಿ, ಅವರ ತವರಿನ ಸುದ್ದಿ ಕೇಳುತ್ತಾ ಹಿಂದಕ್ಕೆ ಕರೆತರುತ್ತೇನೆ. ಬೀರುವಿನ ಕನ್ನಡಿಯಲ್ಲಿ "ಯಾವಳೋ ಮುದುಕಿ" ನಿಂತಿರುತ್ತಾಳೆಂದು ಅದಕ್ಕೆ ಹಳೆಯ ಸೀರೆ ಹೊದಿಸಿದ್ದೇವೆ. ನೀನು ಬಂದಾಗ ತೆಗೆಯಬೇಡ.

ಆಷಾಢದಲ್ಲಿ ಮಾತ್ರ ಎರಡೇ ದಿನದಲ್ಲಿ ಸ್ಥಿತಿ ಕೈಮೀರಿತು. ರಾತ್ರಿಯೆಲ್ಲ ಗೋಡೆಯೊಡನೆ ಮಾತಾಡಿದರು, ಮುಟ್ಟಿದರೆ ಹೊಡೆದರು. ಕಾಯಿಲೆ ಬಲಿತಿತೆಂದೇ ನಾವು ಎಣಿಸಿದ್ದೆವು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಂಡಿತು, ಔಷಧಿಯಿಂದ ವಾರದೊಳಗೆ ಮೊದಲಿನಂತಾದರು. ಹೀಗೆ ದಿಢೀರನೆ ಬದಲಾದರೆ ಸೋಂಕು, ಮಲಬದ್ಧತೆ, ನೋವು, ನೀರು ಕುಡಿಯದಿರುವುದು, ಹೊಸ ಮಾತ್ರೆ, ಇವನ್ನೆಲ್ಲ ಮೊದಲು ನೋಡಬೇಕಂತೆ. ನಮ್ಮಲ್ಲಿ ಅಂಗಡಿಯಿಂದ ತಂದ ನೆಗಡಿ ಮಾತ್ರೆಯೂ ಒಮ್ಮೆ ಅವರ ಗೊಂದಲವನ್ನು ಹೆಚ್ಚಿಸಿತ್ತು.

ಶಾಂತಗೊಳಿಸುವ ಮಾತ್ರೆ ಏಕೆ ಕೊಡಬಾರದೆಂದು ನೀನು ಕೇಳಿದ್ದೆ. ಡಿಮೆನ್ಶಿಯಾ, ಅಂದರೆ ಇಂಥ ಮರೆವಿನ ಕಾಯಿಲೆ, ಇರುವ ವೃದ್ಧರಲ್ಲಿ ಅದಕ್ಕೆ ಕೊಡುವ ಆಂಟಿಸೈಕೋಟಿಕ್ ಎಂಬ ಔಷಧಿಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಬೇರೆ ದಾರಿಯಿಲ್ಲದಾಗ ವೈದ್ಯರೇ ಸಣ್ಣ ಪ್ರಮಾಣದಲ್ಲಿ ಕೆಲವು ವಾರ ಕೊಟ್ಟು ಮತ್ತೆ ಪರಿಶೀಲಿಸುತ್ತಾರೆ. ಆ ಹಂತ ಬಂದರೆ ನಾನು ಬೇಡವೆನ್ನುವುದಿಲ್ಲ. ಬರುವ ಮುನ್ನ ನಮ್ಮ ಅನುಕೂಲಕ್ಕಾಗಿ ಕೇಳುವುದೂ ಇಲ್ಲ.

ಕತ್ತಿ, ಕುಡುಗೋಲು, ಕಳೆನಾಶಕದ ಡಬ್ಬಗಳನ್ನೆಲ್ಲ ಗೋಡೌನಿನಲ್ಲಿಟ್ಟು ಬೀಗ ಹಾಕಿದ್ದೇವೆ. ಅವರು ಕೋಲು ಎತ್ತಿದರೆ ಹಿಡಿಯಲು ಹೋಗದೆ ದೂರ ಸರಿದು, ಹತ್ತು ನಿಮಿಷ ಬಿಟ್ಟು ಕಾಫಿ ಹಿಡಿದು ಹೋಗುತ್ತೇನೆ. ಒಮ್ಮೆ ನನಗೂ ಕೈ ಎತ್ತುವಷ್ಟು ಸಿಟ್ಟು ಬಂದಿತ್ತು. ಆ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಿ ಹಗುರಾದೆ. ಇದನ್ನು ನಿನ್ನ ಅಪ್ಪನಿಗೆ ಹೇಳಿಲ್ಲ.

ದೀಪಾವಳಿಗೆ ಬಂದಾಗ ಅಜ್ಜಿಯೆದುರು ನನ್ನ ಪರವಾಗಿ ವಾದಿಸಬೇಡ. ನಾಲ್ಕು ದಿನ ಅವರ ಜೊತೆ ನೀನಿದ್ದರೆ ನಾನು ನನ್ನ ತವರಿಗೆ ಹೋಗಿ ಬರುತ್ತೇನೆ. ಬರುವಾಗ ಅವರ ಸಂಚಿಯಂಥದೇ ಕುಂಕುಮ ಬಣ್ಣದ, ದಾರ ಎಳೆಯುವ ಎರಡು ಎಲೆಯಡಿಕೆ ಸಂಚಿಗಳನ್ನು ತೆಗೆದುಕೊಂಡು ಬಾ. ಹೊಸದೆಂದು ಗೊತ್ತಾಗದಂತೆ ಒಂದೆರಡು ಸಲ ಒಗೆದು ತಾ.

ನಿನ್ನ
ಅಮ್ಮ