‘ದ್ವಿಲಿಂಗಿ’ ಎಂದರೆ ದಾಸವಾಳ

ಮಾನ್ಯರೇ,

ಲೈಂಗಿಕ ಅಲ್ಪಸಂಖ್ಯಾತರ ಕುರಿತ ವರದಿಗಳಲ್ಲಿ ‘ಬೈಸೆಕ್ಷುಯಲ್’ ಪದಕ್ಕೆ ‘ದ್ವಿಲಿಂಗಿ’ ಎಂದು ಬರೆಯುವುದು ಓದುಗರ ದಾರಿ ತಪ್ಪಿಸುತ್ತದೆ. ನಾವು ಮಕ್ಕಳಿಗೆ ದ್ವಿಲಿಂಗಿ ಎಂದು ಪಾಠ ಮಾಡುವುದು ಕೇಸರ (ಗಂಡು ಭಾಗ), ಶಲಾಕೆ (ಹೆಣ್ಣು ಭಾಗ) ಎರಡೂ ಇರುವ ದಾಸವಾಳವನ್ನು ತೋರಿಸಿ. ಅದು ದೇಹದ ಮಾತು. ಬೈಸೆಕ್ಷುಯಲ್ ಎನ್ನುವುದು ಮನಸ್ಸು ಯಾರ ಕಡೆ ವಾಲುತ್ತದೆ ಎಂಬ ಮಾತು. ಗೊಂದಲ ಆಗದೇ ಇರುತ್ತಾ?

ಬೈಸೆಕ್ಷುಯಲ್ ಎಂದರೆ ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಸೆಳೆತ. ಗಂಡು, ಹೆಣ್ಣು ಎರಡೇ ಎಂದೇನಿಲ್ಲ. ‘ಪ್ಯಾನ್‌ಸೆಕ್ಷುಯಲ್’ ಎನ್ನುವವರಿಗೆ ಎದುರಿನವರ ಲಿಂಗ ಅಷ್ಟಾಗಿ ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಹೆಸರು ಒಪ್ಪುವವರೂ ಇದ್ದಾರೆನ್ನಿ. ಸೆಪ್ಟೆಂಬರ್ 23ರ ಬೈಸೆಕ್ಷುಯಲ್ ದಿನದ ವರದಿಯಲ್ಲಾದರೂ, ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದನ್ನೇ ಬರೆದು, ಪಕ್ಕದಲ್ಲಿ ಒಂದು ಸಾಲಿನ ವಿವರಣೆ ಕೊಡಿ.

– ವಿಜ್ಞಾನ ಶಿಕ್ಷಕಿ, ಹಾಸನ